ತುಂತುಣಿಯ ತಂತಿಯಲ್ಲಿ ನಮ್ಮ ಪರವಾದ ವಾದ

ನಾನು ಸಣ್ಣಾಕಿ ಇದ್ದಾಗಿನ ಮಾತು. ಬಬಲೇಶ್ವರದ ನಮ್ಮ ತವರಿನಲ್ಲಿ ಜಾತ್ರೆಯ ರಾತ್ರಿ ಊಟ ಮುಗಿಸಿ ಹೆಣ್ಣುಮಕ್ಕಳೆಲ್ಲ ಮಾಳಿಗೆ ಏರಿ ಕೂತಿದ್ದೆವು. ಅಗಸಿಯ ಕಡೆಯಿಂದ ದಪ್ಪಿನ ಬಡಿತ, ಅದರ ಜೊತೆಗೆ ತುಂತುಣಿಯ 'ತುಣ್ ತುಣ್' ನಾದ ತೇಲಿ ಬರುತ್ತಿತ್ತು. ಅಷ್ಟರಲ್ಲಿ ಅಜ್ಜ ಗದರಿದರು: "ಏಳ್ರಿ, ಒಳಗ ನಡೀರಿ. ಅದೇನು ಗರತ್ಯಾರು ಕೇಳೂ ಹಾಡೇನು?" ಅಮ್ಮ ಮಾತಾಡದೆ ಎದ್ದು ಒಳಗೆ ಹೋದಳು. ಆದರೆ ಬೆಳಕಿಂಡಿಯ ಮುಚ್ಚಳ ಮಾತ್ರ ಮುಚ್ಚಲಿಲ್ಲ!

ಆ ರಾತ್ರಿ ನಡೆದದ್ದು ಹರದೇಶಿ-ನಾಗೇಶಿ ಹಾಡಕಿ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಎದುರು ಹಾಡುತ್ತಾರೆ. ಒಬ್ಬರದು ಸವಾಲು, ಇನ್ನೊಬ್ಬರದು ಜವಾಬು. ಪುರಾಣದ ಕಥೆಗಳೇ ಸಾಕ್ಷಿ. ಬೆಳತನಕ ಜಗಳಾಡಿ ಬಹುತೇಕ ರಾಜಿಯಲ್ಲಿ ಮುಗಿಸುತ್ತಾರೆ. ನೋಡಿ ಸೋದರಿಯರೇ, ಊರ ನಡುವೆ ನಮ್ಮ ಪರವಾಗಿ ವಾದ ನಡೆದಿತ್ತು, ನಮಗೇ ಕೇಳಗೊಡಲಿಲ್ಲ!

ತುಂತುಣಿ ಬಡವರ ವಾದ್ಯ. ಕಟ್ಟಿಗೆಯದೋ ತಗಡಿನದೋ ಒಂದು ಕೊಳಗ, ಅದರ ತಳಕ್ಕೆ ತೊಗಲು, ಮಗ್ಗುಲಿಗೆ ಒಂದು ಬಿದಿರಿನ ಕೋಲು, ತೊಗಲಿನಿಂದ ಕೋಲಿನ ತುದಿಯ ಗೂಟದವರೆಗೆ ಒಂದೇ ತಂತಿ. ಅಷ್ಟೇ. ಆ ಒಂದು ತಂತಿಯೇ ಹಾಡಿಗೆ ಶ್ರುತಿಯೂ ಹೌದು, ಲಯವೂ ಹೌದು.

ಈ ಹಾಡಿನ ಬೇರು ಲಾವಣಿಯಲ್ಲಿದೆ. ಮರಾಠಿ ಸೀಮೆಯ ಕಲ್ಗಿ-ತುರಾ ಪಂಥಗಳ ಗಾಳಿ ನಮ್ಮ ಕಡೆಗೂ ಬೀಸಿ, ಕನ್ನಡದಲ್ಲಿ ತನ್ನದೇ ರೂಪ ತಾಳಿತು. ನಮ್ಮ ಜಿಲ್ಲೆಯ ಹಲಸಂಗಿಯ ಖಾಜಾಭಾಯಿ ಹೆಸರಾಂತ ಲಾವಣಿ ಕವಿ. 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಇಂಗ್ಲಿಷರ ವಿರುದ್ಧ ನಿಂತ ಹಲಗಲಿಯ ಬೇಡರ ಕಥೆಯೂ ಲಾವಣಿಯಾಗಿಯೇ ಉಳಿಯಿತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲಿ ಅಂಥ ಲಾವಣಿಗಳನ್ನು ಅಚ್ಚು ಹಾಕಿಸಿದ. ಮುಂದೆ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ತಂದರು. ಬೀಸುಕಲ್ಲಿನ ಹಾಡಿಗೂ ಬಯಲಿನ ಹಾಡಿಗೂ ಅವರು ಒಂದೇ ಮರ್ಯಾದೆ ಕೊಟ್ಟರು.

ಲಾವಣಿಯೇ ಮೇಳ ಕಟ್ಟಿಕೊಂಡು ಗೀಗೀ ಪದವಾಯಿತು. ಪಲ್ಲವಿಯ 'ಗೀ ಗೀ' ದನಿಯಿಂದಲೇ ಆ ಹೆಸರು. ಸ್ವಾತಂತ್ರ್ಯದ ಹೋರಾಟದಲ್ಲಿ ಹುಲಕುಂದದ ಕವಿಗಳು ಗಾಂಧೀಜಿಯ ಮಾತನ್ನು ಇದೇ ಧಾಟಿಯಲ್ಲಿ ಹಳ್ಳಿಗೆ ಮುಟ್ಟಿಸಿದರು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಅಗಸಿಯ ಹಾಡು ಅಡಿಗೆಮನೆಯ ರೇಡಿಯೋಕ್ಕೂ ಬಂತು. ಆಮೇಲೆ ಕ್ಯಾಸೆಟ್ಟು, ಈಗ ಮೊಬೈಲು. ಕುಟುಂಬ ಯೋಜನೆ, ಸಾಕ್ಷರತೆ ಎಲ್ಲಕ್ಕೂ ಸರಕಾರದವರಿಗೆ ಗೀಗೀ ಮೇಳವೇ ಬೇಕಾಯಿತು.

ಇಂಥ ಕಥೆ ನಮ್ಮದೊಂದೇ ಅಲ್ಲ. ಸಮುದ್ರದಾಚೆ ಕೆರಿಬಿಯನ್ ದ್ವೀಪಗಳ ಡೊಮಿನಿಕನ್ ಗಣರಾಜ್ಯದಲ್ಲಿ 'ಬಚಾತಾ' ಎಂಬ ಗಿಟಾರ್ ಹಾಡುಗಳಿವೆ. 1960ರ ದಶಕದ ಆರಂಭದಲ್ಲಿ ಅವು ಮೊದಲು ರೆಕಾರ್ಡ್ ಆದವು. ಬಡವರ, ಕುಡುಕರ ಹಾಡೆಂದು ದೊಡ್ಡ ಮನೆಯವರು ಮೂಗು ಮುರಿಯುತ್ತಿದ್ದರಂತೆ. ಅದನ್ನೇ 2019ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಡು ಹಗುರಾದದ್ದಲ್ಲ, ಕೇಳುವವರ ಮನಸ್ಸು ಹಗುರ ಇತ್ತು, ಅಷ್ಟೇ.

ಹಾಡುವ ಹೆಂಗಸರನ್ನಂತೂ ನಮ್ಮ ಕಡೆ ಬಹಳ ಹಗುರಾಗಿ ಕಂಡರು. ಸಾವಿರ ಜನರ ಮುಂದೆ ದಪ್ಪು ಹಿಡಿದು, ಗಂಡಸಿನ ಸವಾಲಿಗೆ ಆ ಕ್ಷಣವೇ ಜವಾಬು ಕೊಡುವುದು ಸಣ್ಣ ವಿದ್ಯೆಯೇ? ಮನೆಯಲ್ಲಿ ನಮಗೆ ಎದುರಾಡಬೇಡ ಎಂದು ಕಲಿಸಿದರು. ಅವರು ಎದುರಾಡುವುದನ್ನೇ ಹಾಡು ಮಾಡಿದರು.

ಹೋದ ವರ್ಷ ತಿಕೋಟಾದ ಕಡೆ ನೆಂಟರ ಮನೆಗೆ ಹೋದಾಗ ಹಾಡಕಿ ಇತ್ತು. ಈ ಸಲ ಅಮ್ಮನನ್ನು ಮುಂದಿನ ಸಾಲಿನಲ್ಲೇ ಕೂಡಿಸಿದೆ, ಮಗ್ಗುಲಿಗೆ ನನ್ನ ಮಗಳು. ನಾಗೇಶಿಯಾಕೆ ಒಂದು ಜವಾಬು ಹಾಕಿದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಇದನ್ನ ನಾ ಆವತ್ತೇ ಬೆಳಕಿಂಡ್ಯಾಗ ಕೇಳಿದ್ನೆವ್ವಾ" ಅಂದಳು.

ನಿಮ್ಮೂರಿನ ಜಾತ್ರೆಯಲ್ಲಿ ತುಂತುಣಿ ನುಡಿದರೆ ಬೆಳಕಿಂಡಿಯಿಂದ ಕೇಳಬೇಡಿ. ಮಗಳ ಕೈ ಹಿಡಿದು ಹೋಗಿ ಮುಂದೆ ಕೂಡಿರಿ.