ಪ್ರತಿವಿಷದ ಪಾಠದಲ್ಲಿ ಬಿಟ್ಟುಹೋದ ಮೊದಲ ಹೆಜ್ಜೆ

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ರೋಗನಿರೋಧಕ ಶಕ್ತಿಯ ಪಾಠ ಮಾಡುವಾಗ, ಸಿದ್ಧ ಪ್ರತಿಕಾಯಗಳನ್ನು ಹೊರಗಿನಿಂದ ಕೊಡುವುದಕ್ಕೆ ಉದಾಹರಣೆಯಾಗಿ ಹಾವಿನ ಪ್ರತಿವಿಷವನ್ನು ತೆಗೆದುಕೊಂಡಿದ್ದೆ. ಚಾರ್ಟಿನಲ್ಲಿ ನಾಲ್ಕು ಚಿತ್ರಗಳಿದ್ದವು: ಕುದುರೆ, ಅದರ ರಕ್ತ, ಔಷಧದ ಸೀಸೆ, ಆಸ್ಪತ್ರೆಯಲ್ಲಿ ಮಲಗಿದ ರೋಗಿ. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚುತ್ತಾ ಹೋದರೆ ಅದರ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ, ಅವನ್ನು ಬೇರ್ಪಡಿಸಿ ಶುದ್ಧೀಕರಿಸಿದರೆ ಪ್ರತಿವಿಷ ಎಂದು ವಿವರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, “ಕುದುರೆಗೆ ಕೊಡೋ ವಿಷಕ್ಕೆ ಹಾವು ಯಾರು ಹಿಡೀತಾರೆ ಮಿಸ್?” ಎಂದಳು. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ. “ವಿಜ್ಞಾನಿಗಳು” ಎಂದುಬಿಟ್ಟೆ. ಉತ್ತರ ತಪ್ಪಾಗಿತ್ತು.

ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲನ್ನು ಒದಗಿಸುತ್ತಾ ಬಂದವರು ತಮಿಳುನಾಡಿನ ಇರುಳ ಸಮುದಾಯದವರು. ಚೆನ್ನೈ ಹೊರವಲಯದ ವಡನೆಮ್ಮೇಲಿಯಲ್ಲಿ ಅವರದೇ ಸಹಕಾರ ಸಂಘವಿದೆ. ಅದು ಹುಟ್ಟಿದ್ದು 1978ರಲ್ಲಿ. ಅದಕ್ಕೂ ಮೊದಲು ಇರುಳರು ಚರ್ಮದ ವ್ಯಾಪಾರಕ್ಕಾಗಿ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1976ರ ಹಾವಿನ ಚರ್ಮದ ರಫ್ತು ನಿಷೇಧ ಎರಡೂ ಸೇರಿ ಆ ಕಸುಬು ನಿಂತುಹೋಯಿತು. ಕಾನೂನು ಸರಿಯಾಗಿಯೇ ಇತ್ತು. ಆದರೆ ಅದರ ಬೆಲೆ ತೆತ್ತವರು ಕೂಲಿಗೆ ಹಾವು ಹಿಡಿಯುತ್ತಿದ್ದವರು. ಉರಗತಜ್ಞ ರೋಮುಲಸ್ ವಿಟೇಕರ್ ಅವರ ಜೊತೆ ಸೇರಿ ಇರುಳರು ಅದೇ ವಿದ್ಯೆಯನ್ನು ಬೇರೆ ಕೆಲಸಕ್ಕೆ ತಿರುಗಿಸಿದರು. ಹಾವನ್ನು ಕೊಲ್ಲದೆ ವಿಷವನ್ನಷ್ಟೇ ತೆಗೆಯುವುದು ಆ ಕೆಲಸ.

ಈ ವಿದ್ಯೆಯನ್ನು ‘ಧೈರ್ಯ’ ಎಂಬ ಒಂದು ಪದದಲ್ಲಿ ಮುಗಿಸಿದರೆ ಅನ್ಯಾಯವಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ವೀಕ್ಷಣೆಯದು. ಗದ್ದೆಯ ಬದುವಿನಲ್ಲಿ ಧೂಳಿನ ಮೇಲಿನ ಜಾಡು, ಬಿಲದ ಬಾಯಿಯ ಮಣ್ಣು ಸವೆದ ರೀತಿ, ಬಿದ್ದ ಪೊರೆ, ಹಿಕ್ಕೆ, ಹತ್ತಿರದಲ್ಲಿ ಇಲಿಗಳ ಓಡಾಟ, ಇಷ್ಟನ್ನೂ ನೋಡಿ ಒಳಗೆ ಹಾವಿದೆಯೇ, ಯಾವುದು ಎಂದು ಅಂದಾಜು ಮಾಡುತ್ತಾರೆ. ಬಳಿಕವೇ ಅಗೆತ. ನಾವು ಮಕ್ಕಳಿಗೆ ವೀಕ್ಷಣೆ, ಊಹೆ, ಪರೀಕ್ಷೆ ಎಂದು ಬೋರ್ಡಿನ ಮೇಲೆ ಬರೆಸುವ ಕ್ರಮಕ್ಕೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಎಷ್ಟು ಹಾವು ಹಿಡಿಯಬಹುದೆಂದು ಅರಣ್ಯ ಇಲಾಖೆ ಪರವಾನಗಿಯಲ್ಲಿ ನಿಗದಿ ಮಾಡುತ್ತದೆ. ತಂದ ಹಾವುಗಳನ್ನು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಸುಮಾರು ಮೂರು ವಾರ ಇಡುತ್ತಾರೆ. ಅಷ್ಟರಲ್ಲಿ ಕೆಲವು ದಿನಗಳ ಅಂತರದಲ್ಲಿ, ತೆಳು ಹೊದಿಕೆ ಬಿಗಿದ ಗಾಜಿನ ಪಾತ್ರೆಯನ್ನು ಕಚ್ಚಿಸಿ ವಿಷ ಸಂಗ್ರಹಿಸುತ್ತಾರೆ. ಕೊನೆಗೆ ಹೊಟ್ಟೆಯ ಭಾಗದ ಹುರುಪೆಯೊಂದನ್ನು ಗುರುತಿಗಾಗಿ ಕತ್ತರಿಸಿ ಹಾವನ್ನು ಮತ್ತೆ ಬಿಟ್ಟುಬರುತ್ತಾರೆ. ಆ ಗುರುತಿರುವ ಹಾವು ಸ್ವಲ್ಪ ದಿನದಲ್ಲೇ ಮತ್ತೆ ಸಿಕ್ಕರೆ ಅದನ್ನು ಹಿಡಿಯುವುದಿಲ್ಲ. ವಿಷವನ್ನು ಒಣಗಿಸಿ ಪುಡಿ ಮಾಡಿ ಔಷಧ ತಯಾರಕರಿಗೆ ಕಳಿಸುತ್ತಾರೆ. ನನ್ನ ಚಾರ್ಟಿನ ಕುದುರೆ ಬರುವುದು ಇದಾದ ಮೇಲೆ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಕೆಲಸ ಮಾಡುವ ಒಂದೇ ಪ್ರತಿವಿಷ ನಮ್ಮ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಇರುಳರು ಹಿಡಿಯುವುದೂ ಈ ನಾಲ್ಕನ್ನೇ. 2023ರಲ್ಲಿ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಬಂತು. ಸಂಘ ಹುಟ್ಟಿ ಆಗ ನಲವತ್ತೈದು ವರ್ಷವಾಗಿತ್ತು.

ತರಗತಿಯಲ್ಲಿ ಇದನ್ನು ಹೇಳುವಾಗ ಎಚ್ಚರ ಬೇಕು. ‘ಆದಿವಾಸಿಗಳಿಗೆ ಬೇರುಬೊಡ್ಡೆಯ ಗುಟ್ಟು ಗೊತ್ತು’ ಎಂಬ ಧಾಟಿಗೆ ಜಾರುವುದು ಬಹಳ ಸುಲಭ. ಮಕ್ಕಳು ಅದನ್ನೇ ಮನೆಗೆ ಒಯ್ದರೆ ಪ್ರಾಣಕ್ಕೆ ಅಪಾಯ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಆ ಅಂಗವನ್ನು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಇದೇ ಪಾಠದಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. ಇರುಳರ ಕೊಡುಗೆ ಆಸ್ಪತ್ರೆಯ ಸೀಸೆಯೊಳಗೇ ಇದೆ. ಅದು ಆಸ್ಪತ್ರೆಗೆ ಬದಲಿ ಮದ್ದಲ್ಲ. ಹಾಗೆಯೇ ಪ್ರತಿವಿಷದ ಮಿತಿಯನ್ನೂ ಮುಚ್ಚಿಡಬೇಕಿಲ್ಲ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿರುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹೆಚ್ಚಿನ ವಿಷ ಒಂದೇ ಕಡೆಯಿಂದ ಬಂದರೆ ದೂರದ ರಾಜ್ಯಗಳಲ್ಲಿ ಔಷಧದ ಪರಿಣಾಮ ಕಡಿಮೆಯಾಗಬಹುದು. ಇದು ಇರುಳರ ದೋಷವಲ್ಲ. ಬೇರೆ ಪ್ರದೇಶಗಳಲ್ಲೂ ಇಂಥ ಸಂಗ್ರಹಣೆ ಬೆಳೆಯದಿರುವುದರ ಫಲ.

ಕರ್ನಾಟಕದಲ್ಲಿ ಇದಕ್ಕೆ ಪೂರ್ವಜ್ಞಾನದ ಕೊರತೆಯೂ ಇಲ್ಲ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಮಾಗಡಿ, ಕನಕಪುರದ ಕಡೆ ಇರುಳಿಗರ ಹಾಡಿಗಳಿವೆ. ಅಲ್ಲಿನ ಮಗುವೊಂದು ನಮ್ಮ ತರಗತಿಯಲ್ಲೇ ಕುಳಿತಿರಬಹುದು. ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ ‘ನಿಮ್ಮವರು ನೋಡಿ’ ಎಂದು ತೋರಿಸುವುದು ಬೇಡವೆಂದು ನನ್ನ ಅನಿಸಿಕೆ. ಪಾಠದಲ್ಲಿ ಹೆಸರು ಸರಿಯಾದ ಜಾಗದಲ್ಲಿ ಬಂದರೆ ಅದಕ್ಕೇ ಗೊತ್ತಾಗುತ್ತದೆ.

ಮರುದಿನ ತರಗತಿಯಲ್ಲಿ ನನ್ನ ಉತ್ತರ ತಪ್ಪೆಂದು ಹೇಳಿ ತಿದ್ದಿಕೊಂಡೆ. ಚಾರ್ಟಿನ ಎಡಗಡೆ ಜಾಗವಿರಲಿಲ್ಲ. ಇನ್ನೊಂದು ಹಾಳೆ ಅಂಟಿಸಿ, ಬದು, ಬಿಲ, ಮಡಕೆ ಬರೆದು, ಬಾಣದ ಗುರುತನ್ನು ಅಲ್ಲಿಂದ ಕುದುರೆಯ ಕಡೆಗೆ ಎಳೆದೆ. ಪ್ರಶ್ನೆ ಕೇಳಿದವಳು ಈ ಬಾರಿ, “ಅವರಿಗೇ ಹಾವು ಕಚ್ಚಿದ್ರೆ?” ಎಂದಳು. “ಅವರಿಗೂ ಅದೇ ಸೀಸೆ” ಎಂದೆ.