ತಣ್ಣಗಿದ್ದರಷ್ಟೇ ಕಾಣುವ ಬೆಳಕು

2024ರ ಜನವರಿಯಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಫಾರ್ನಾಕ್ಸ್ ನಕ್ಷತ್ರಪುಂಜದ ದಿಕ್ಕಿನಲ್ಲಿದ್ದ ಮಸುಕು ಚುಕ್ಕೆಯೊಂದನ್ನು ಹೆಚ್ಚುಕಡಿಮೆ ಹತ್ತು ಗಂಟೆ ದಿಟ್ಟಿಸಿತು. ಆ ಚುಕ್ಕೆ ನಿಜಕ್ಕೂ ಬಹುದೂರದ ಗ್ಯಾಲಕ್ಸಿಯೇ ಎಂದು ಖಗೋಳವಿಜ್ಞಾನಿಗಳಿಗೆ ಮೊದಲಿಂದಲೂ ಅನುಮಾನ. ಪಕ್ಕದಲ್ಲೇ ನಮಗೆ ಹೆಚ್ಚು ಹತ್ತಿರದ ಗ್ಯಾಲಕ್ಸಿಯೊಂದಿದೆ, ಚುಕ್ಕೆಯ ಹೊಳಪೋ ಜಾಸ್ತಿ. ಅಷ್ಟು ದೂರದ್ದು ಇಷ್ಟು ಬೆಳಗೀತೇ? ಬೆಳಕನ್ನು ಬಿಡಿಸಿ ರೋಹಿತ ತೆಗೆದಾಗ ಅನುಮಾನ ಕರಗಿತು. 1.85 ಮೈಕ್ರಾನ್‌ಗಿಂತ ಕಿರಿದಾದ ತರಂಗಾಂತರಗಳಲ್ಲಿ ಬೆಳಕಿನ ಸುಳಿವೇ ಇಲ್ಲ. ಅದನ್ನು ದಾಟಿದೊಡನೆ ಬೆಳಕು!

ಚಾಕುವಿನಲ್ಲಿ ಕೊಯ್ದಂತಿರುವ ಈ ಅಂಚೇ ದೂರದ ಅಳತೆಗೋಲು. ಎಳೆಯ ನಕ್ಷತ್ರಗಳು ಧಾರಾಳವಾಗಿ ಸೂಸುವುದು ಅತಿನೇರಳೆ ಕಿರಣಗಳನ್ನು. ಆಗಿನ ವಿಶ್ವದಲ್ಲಿ ತುಂಬಿಕೊಂಡಿದ್ದ ಹೈಡ್ರೋಜನ್ ಅನಿಲವು 0.1216 ಮೈಕ್ರಾನ್‌ಗಿಂತ ಕಿರಿದಾದ ಅಲೆಗಳನ್ನು ನುಂಗಿಹಾಕಿತು. ಉಳಿದ ಬೆಳಕು ನಮ್ಮತ್ತ ಹೊರಟಿತು. ದಾರಿಯುದ್ದಕ್ಕೂ ವಿಶ್ವ ಹಿಗ್ಗುತ್ತ ಹೋಯಿತು, ಅದರೊಡನೆ ಅಲೆಗಳೂ ಹಿಗ್ಗಿದವು: ಹದಿನೈದು ಪಟ್ಟಿಗಿಂತ ತುಸು ಹೆಚ್ಚು. ಗುಣಿಸಿ ನೋಡಿ, 1.85 ಬರುತ್ತದೆ. ನಮ್ಮ ಕಣ್ಣಿಗೆ ಕಾಣುವ ಕೆಂಪು 0.7 ಮೈಕ್ರಾನ್ ಆಸುಪಾಸಿನಲ್ಲೇ ಮುಗಿಯುತ್ತದೆ. ಹಾಗಾಗಿ ಜೇಡ್ಸ್-ಜಿಎಸ್-ಝಡ್14-0 ಎಂಬ ಈ ಗ್ಯಾಲಕ್ಸಿ ಸಿಗುವುದು ಅವಕೆಂಪಿನಲ್ಲಿ ಹುಡುಕಿದವರಿಗೆ. ನಾವು ನೋಡುತ್ತಿರುವುದು ಮಹಾಸ್ಫೋಟವಾಗಿ ಸುಮಾರು 30 ಕೋಟಿ ವರ್ಷ ಕಳೆದಾಗಿನ ಅದರ ರೂಪ. ವಿಶ್ವಕ್ಕೆ ಈಗ 1380 ಕೋಟಿ ವರ್ಷ.

ವೆಬ್ ಎಂದರೆ ಎಲ್ಲರೂ ಅದರ 6.5 ಮೀಟರ್ ಚಿನ್ನಲೇಪಿತ ಕನ್ನಡಿಯನ್ನು ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಚಳಿ. ಬೆಚ್ಚಗಿರುವುದೆಲ್ಲ ಅವಕೆಂಪಿನಲ್ಲಿ ಬೆಳಗುತ್ತದೆ: ನಮ್ಮ ಅಂಗೈ, ಬಿಸಿಲಿಗೆ ಕಾದ ಹೆಂಚು, ಭೂಮಿಯ ಗಾಳಿ, ಕೊನೆಗೆ ದೂರದರ್ಶಕವೂ. ಉಪಕರಣ ತಾನೇ ಬೆಳಗುತ್ತಿದ್ದರೆ ದೂರದ ಗ್ಯಾಲಕ್ಸಿ ಹುಡುಕುವುದು ಹಾಡುಹಗಲಲ್ಲಿ ಮಿಂಚುಹುಳ ಹುಡುಕಿದಂತೆ. 1983ರಲ್ಲಿ ಹಾರಿದ ಐರಾಸ್ ಎಂಬ ಅವಕೆಂಪು ದೂರದರ್ಶಕ ತಂಪಿಗಾಗಿ ದ್ರವ ಹೀಲಿಯಂ ಹೊತ್ತೊಯ್ದಿತ್ತು. ಅದು ಆವಿಯಾಗಿ ತೀರಿದಾಗ, ಹತ್ತೇ ತಿಂಗಳಲ್ಲಿ, ಕೆಲಸವೂ ನಿಂತಿತು. ಸ್ಪಿಟ್ಜರ್ ಎಂಬ ಇನ್ನೊಂದು ಅವಕೆಂಪು ದೂರದರ್ಶಕದ ಹೀಲಿಯಂ 2009ರಲ್ಲಿ ಮುಗಿಯಿತು. ಆಮೇಲೂ ಅದು 2020ರವರೆಗೆ ದುಡಿಯಿತು, ಆದರೆ ಕಿರಿದಾದ ಎರಡು ತರಂಗಾಂತರಗಳಲ್ಲಿ ಮಾತ್ರ.

ವೆಬ್‌ನ ದಾರಿ ಬೇರೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಟೆನಿಸ್ ಅಂಗಳದಷ್ಟಗಲದ ಐದು ಪದರದ ಕೊಡೆಯನ್ನು ಸೂರ್ಯನಿಗೆ ಅಡ್ಡ ಹಿಡಿದು ಅದು ಸದಾ ನೆರಳಲ್ಲಿರುತ್ತದೆ. ಅಲ್ಲಿ ಕನ್ನಡಿ ಮೈನಸ್ 220 ಡಿಗ್ರಿಗಿಂತಲೂ ತಣ್ಣಗೆ. ಹೆಚ್ಚು ಉದ್ದದ ಅಲೆಗಳನ್ನು ಹಿಡಿಯುವ ಮಿರಿ ಎಂಬ ಉಪಕರಣಕ್ಕೆ ಇಷ್ಟೂ ಸಾಲದು. ಹೀಲಿಯಂ ಅನಿಲವನ್ನು ಮುಚ್ಚಿದ ಕೊಳವೆಗಳಲ್ಲಿ ಮತ್ತೆ ಮತ್ತೆ ಸುತ್ತಿಸಿ ಮಿರಿಯನ್ನು ಮೈನಸ್ 266 ಡಿಗ್ರಿಗೆ ಇಳಿಸಲಾಗಿದೆ. ಹೀಲಿಯಂ ಖರ್ಚಾಗುವುದಿಲ್ಲ.

ಆ ಚುಕ್ಕೆಯ ಬಗ್ಗೆ ಇನ್ನೊಂದು ಬೆರಗು ಸಿಕ್ಕಿದ್ದು ಈ ಮಿರಿಯಿಂದಲೇ. ಅದು ನೋಡಿದ 7.7 ಮೈಕ್ರಾನ್ ಬೆಳಕು ಎಣಿಸಿದ್ದಕ್ಕಿಂತ ಪ್ರಖರವಾಗಿತ್ತು. ಕಾರಣ ಆಮ್ಲಜನಕ ಇರಬಹುದೇ? 2025ರಲ್ಲಿ ಚಿಲಿ ದೇಶದ ಆಲ್ಮಾ ರೇಡಿಯೋ ದೂರದರ್ಶಕಗಳು ಹೌದೆಂದವು. ಅಲ್ಲಿ ಆಮ್ಲಜನಕದಂಥ ಭಾರಧಾತುಗಳು ನಿರೀಕ್ಷೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿದ್ದವು. ಮಹಾಸ್ಫೋಟದಲ್ಲಿ ಆಮ್ಲಜನಕ ಹುಟ್ಟಿರಲಿಲ್ಲ. ಅದು ಬೇಯುವುದು ದೊಡ್ಡ ನಕ್ಷತ್ರಗಳ ಒಡಲಲ್ಲಿ, ಹೊರಬರುವುದು ಅವು ಸಿಡಿದಾಗ. ಅಂದರೆ ನಾವು ಎಳೆಗೂಸು ಎಂದುಕೊಂಡಿದ್ದ ಆ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಅದಾಗಲೇ ಹುಟ್ಟಿ, ಬಾಳಿ, ಸತ್ತಿದ್ದವು.