ಸಾಂತಾಕ್ರೂಜಿನ ಮಳೆ ಮತ್ತು ಹೂಪಾತಿಯ ಹೊದಿಕೆ

ಮುಂಬಯಿಯ ಉಪನಗರಗಳ ಮಳೆಯನ್ನು ಅಳೆಯುವ ಹವಾಮಾನ ಇಲಾಖೆಯ ಕೇಂದ್ರವು ಸಾಂತಾಕ್ರೂಜಿನಲ್ಲಿರುವುದರಿಂದ ಮಳೆಗಾಲದುದ್ದಕ್ಕೂ ಈ ಊರಿನ ಹೆಸರು ವೃತ್ತಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 2005ನೆಯ ಇಸವಿಯ ಜುಲೈ 26ರಿಂದ ಮೊದಲ್ಗೊಂಡು ಒಂದು ಅಹೋರಾತ್ರಿಯಲ್ಲಿ ಇಲ್ಲಿ ಸುರಿದ ಮಳೆ 944 ಮಿಲಿಮೀಟರ್. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆಗೆ ಅದು ಹೆಚ್ಚುಕಡಮೆ ಸಮ. ಅಂಥ ಪ್ರಳಯವು ಅಪೂರ್ವವೆಂದು ಬದಿಗಿಟ್ಟರೂ, ಜೂನಿನಿಂದ ಸೆಪ್ಟೆಂಬರಿನವರೆಗೆ ಸುಮಾರು 2,300 ಮಿಲಿಮೀಟರ್ ಮಳೆ ಇಲ್ಲಿ ವಾಡಿಕೆಯದೇ. ಅನಂತರದ ಎಂಟು ತಿಂಗಳಲ್ಲಿ ಹನಿ ಬೀಳುವುದು ವಿರಳ. ಆದುದರಿಂದ, ಕಟ್ಟಡದ ಆವರಣದ ಅಂಗೈಯಗಲದ ನೆಲದಲ್ಲಿ ದಾಸವಾಳ, ನಂದಿಬಟ್ಟಲು, ತುಳಸಿಗಳನ್ನು ಬೆಳೆಸುವ ಇಲ್ಲಿಯ ಗೃಹಸ್ಥನ ಪಾತಿಗೆ ಹಾಸಿದ ಎಲೆ, ಸಿಪ್ಪೆಗಳ ಹೊದಿಕೆಯು ನಾಲ್ಕು ತಿಂಗಳು ಮಳೆಯ ಹೊಡೆತದಿಂದ ಮಣ್ಣನ್ನು ಕಾಯಬೇಕು, ಎಂಟು ತಿಂಗಳು ಅದೇ ಮಣ್ಣಿನ ತೇವವನ್ನು ಬಿಸಿಲಿನಿಂದ ರಕ್ಷಿಸಬೇಕು.

ಕರಾವಳಿಯಿಂದಲೂ ಮಲೆನಾಡಿನಿಂದಲೂ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಹೀಗೆ ಹೊದಿಕೆ ಹಾಸುವುದು ನೂತನವಾದ ವಿದ್ಯೆಯೇನಲ್ಲ. ಉತ್ತರ ಕನ್ನಡದಲ್ಲಿ ಒಂದೆಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು, ಎಂದರೆ ಸೊಪ್ಪು ತರಗೆಲೆಗಳನ್ನು ತರುವ ಕಾಡನ್ನು, ಬಿಟ್ಟುಕೊಡುವ ಕ್ರಮ ಬ್ರಿಟಿಷರ ಕಾಲದಿಂದ ನಡೆದುಬಂದಿದೆ; ಮರದ ಬುಡಕ್ಕೆ ಸೊಪ್ಪೂ ತರಗೆಲೆಯೂ ಎಷ್ಟು ಬೇಕೆಂಬುದನ್ನು ಆ ಸೀಮೆಯ ಕೃಷಿಕರು ಬಲ್ಲರು. ತೆಂಗಿನ ಬುಡದಲ್ಲಿ ಸಿಪ್ಪೆಯನ್ನು ಬೆನ್ನು ಮೇಲಾಗಿ ಕವುಚಿ ಹಾಸುವ ಪದ್ಧತಿಯೂ ಕರಾವಳಿಯಲ್ಲಿ ಬಳಕೆಯಲ್ಲಿದೆ. ಸಾಂತಾಕ್ರೂಜಿನಲ್ಲಿ ಸೊಪ್ಪಿನ ಬೆಟ್ಟವಿಲ್ಲ. ಆದರೆ ಮಳೆಮರ, ಗುಲ್‌ಮೊಹರ್, ಕಾಡುಬಾದಾಮಿ, ಮಾವು, ಹಲಸುಗಳುಂಟು, ಬೀದಿಯ ತಿರುವುಗಳಲ್ಲಿ ಎಳನೀರಿನ ಸಿಪ್ಪೆಯ ರಾಶಿಯುಂಟು, ಗಣೇಶೋತ್ಸವದ ಕಾಲದಲ್ಲಿ ಮನೆಮನೆಯ ನಿರ್ಮಾಲ್ಯವುಂಟು. ಇಷ್ಟಿದ್ದೂ ದುಡ್ಡು ಕೊಟ್ಟು ಬಣ್ಣದ ಮರದ ಚಕ್ಕೆಯನ್ನೋ, ಅಕ್ಟೋಬರಿನ ಬಿಸಿಲಿಗೆ ಕಾದು ಬೇರನ್ನು ಬೇಯಿಸುವ ಬಿಳಿಯ ಬೆಣಚುಗಲ್ಲನ್ನೋ ತಂದು ಹಾಸುವುದು ನನಗೆ ಅವಿವೇಕವೆಂದೇ ತೋರುತ್ತದೆ.

ಹೊದಿಕೆಯ ನವೀಕರಣವೆಂದರೆ ಹಳೆಯದನ್ನು ಬಾಚಿ ಎಸೆದು ಹೊಸದನ್ನು ಸುರಿಯುವುದೆಂಬ ಭಾವನೆ ನಗರದಲ್ಲಿ ಬೇರೂರಿದೆ. ಅದು ಸಲ್ಲದು. ಮಳೆಗಾಲ ಕಳೆದ ಪಾತಿಯಲ್ಲಿ ಒಮ್ಮೆ ಕೈಯಾಡಿಸಿ ನೋಡಿ: ಮೇಲಿನ ಮಾವಿನೆಲೆಗಳು ಕಂದುಬಣ್ಣಕ್ಕೆ ತಿರುಗಿ ಇಡಿಯಾಗಿಯೇ ಇರುತ್ತವೆ; ಅವುಗಳ ಕೆಳಗಿನವು ನರಗಳು ಮಾತ್ರ ಉಳಿದ ಜಾಲರಿಯಾಗಿರುತ್ತವೆ; ಎಲ್ಲಕ್ಕೂ ಕೆಳಗೆ ಶಿಲೀಂಧ್ರದ ಬಿಳಿಯ ಎಳೆಗಳು ಹಬ್ಬಿದ, ಎರೆಹುಳದ ಹಿಕ್ಕೆ ಬೆರೆತ ಕರಿಯ ಗೊಬ್ಬರವು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ಕಿತ್ತೆಸೆಯುವುದೆಂದರೆ ವರ್ಷವೆಲ್ಲ ನೆಲವು ಕೂಡಿಟ್ಟ ಸಾರವನ್ನೇ ಕಸದ ಗಾಡಿಗೆ ಹಾಕಿದಂತೆ. ಮೇಲ್ಪದರವು ಮಳೆಗೆ ಬಡಿದು ಹೆಪ್ಪುಗಟ್ಟಿದ್ದರೆ ಸಡಿಲಿಸಬೇಕು; ಹುಳಿಯ ದುರ್ವಾಸನೆ ಬಂದರೆ ಅಲ್ಲಿ ಗಾಳಿಯಾಡುತ್ತಿಲ್ಲವೆಂದು ತಿಳಿದು, ಅಷ್ಟನ್ನು ಮಾತ್ರ ತೆಗೆದು ಬಿಸಿಲಿಗೆ ಹರಡಬೇಕು. ಉಳಿದುದರ ಮೇಲೆ ಹೊಸ ಪದರವನ್ನು ಸೇರಿಸಿದರೆ ಸಾಕು.

ಯಾವ ಪದರ, ಎಷ್ಟು ದಪ್ಪ ಎಂಬುದನ್ನು ಋತುವೇ ನಿರ್ಣಯಿಸುತ್ತದೆ. ಮೇ ತಿಂಗಳ ಕೊನೆಯಲ್ಲಿ ಎರಡು ಅಂಗುಲಕ್ಕೆ ಮೀರದಂತೆ ಒರಟು ಪದಾರ್ಥವನ್ನು, ಎಂದರೆ ತುಂಡರಿಸಿದ ತೆಂಗಿನ ಸಿಪ್ಪೆ, ಕಡ್ಡಿ, ಮಾವು ಹಲಸುಗಳ ಗಡುಸು ಎಲೆಗಳನ್ನು ಹಾಸಬೇಕು. ಹಗುರಾದ ಎಲೆಯನ್ನೇ ಹಾಸಿದರೆ ಮೊದಲ ಜಡಿಮಳೆಗೇ ತೇಲಿಹೋಗಿ ಗಟಾರದ ಬಾಯಿಗೆ ಕಟ್ಟಿಕೊಳ್ಳುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗವನ್ನು ಬರಿದಾಗಿಯೇ ಬಿಡತಕ್ಕದ್ದು, ಇಲ್ಲವಾದರೆ ಬುಡ ಕೊಳೆಯುತ್ತದೆ. ದಪ್ಪನೆಯ ಒದ್ದೆ ಹಾಸು ಆಫ್ರಿಕದ ದೈತ್ಯ ಬಸವನಹುಳುವಿಗೂ ಆಶ್ರಯವಾಗುತ್ತದೆ. ಅದನ್ನು ಸಂಜೆ ಹೊತ್ತಿನಲ್ಲಿ ಕೈಗವಸು ತೊಟ್ಟು ಹೆಕ್ಕುವುದೇ ಉಪಾಯ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನ ಬಿಸಿಲು ನೆಲವನ್ನು ಬಿರಿಯಿಸುವ ಮುನ್ನ, ನಿರ್ಮಾಲ್ಯದ ಹೂಗಳನ್ನು ದಾರ, ಪ್ಲಾಸ್ಟಿಕ್ಕುಗಳಿಂದ ಬೇರ್ಪಡಿಸಿ ಒಣಗಿಸಿ ತರಗೆಲೆಯೊಡನೆ ಬೆರೆಸಿ ಮೂರು ನಾಲ್ಕು ಅಂಗುಲ ಹರಡಬಹುದು. ಹಸಿಯ ಮರದ ಹೊಟ್ಟನ್ನು ಮಾತ್ರ ಮಣ್ಣಿನೊಳಕ್ಕೆ ಬೆರೆಸಬಾರದು. ಅದು ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನು ತಾನೇ ಹೀರಿಕೊಳ್ಳುತ್ತದೆ.

ಈ ನಗರದ ಮರಗಳು ಎಲೆ ಉದುರಿಸುವುದು ಬಹುಮಟ್ಟಿಗೆ ಚಳಿಗಾಲದ ಕೊನೆಯಲ್ಲಿ. ಆಗ ಗುಡಿಸಿದ ರಾಶಿಗೆ ಬೆಂಕಿಯಿಡುವುದು ಘನತ್ಯಾಜ್ಯ ನಿಯಮಗಳಿಗೆ ವಿರುದ್ಧ. ಆದರೂ ಕೆಲವು ಆವರಣಗಳಲ್ಲಿ ಹೊಗೆಯೇಳುವುದು ನಿಂತಿಲ್ಲ. ವಾಚಕರು ತಮ್ಮ ಸೊಸೈಟಿಯ ಕಾರ್ಯದರ್ಶಿಗೂ ಮಾಲಿಗೂ ಈಗಲೇ ಹೇಳಿ, ಒಂದು ಮೂಲೆಯಲ್ಲಿ ತಂತಿಬಲೆಯ ಗೂಡನ್ನು ಕಟ್ಟಿಸಿ, ಬರುವ ಫೆಬ್ರುವರಿಯ ಎಲೆಗಳನ್ನು ಅದರಲ್ಲಿ ತುಂಬಿಡಿಸಬೇಕೆಂದು ನನ್ನ ಬಿನ್ನಹ.